ಸುದ್ದಿಕೋಲಿನ ಉಗ್ರಯ್ಯನೂ ಪೊದೆಯ ಸುತ್ತಿನ ನಾಲ್ಕು ಮಾತೂ

ಕೇಳುವವರು ಕೇಳಿ, ತೂಕಡಿಸುವವರು ತೂಕಡಿಸಿ. ಕತೆ ಯಾರಿಗಾಗಿಯೂ ಕಾಯುವುದಿಲ್ಲ.

ಬಿಲ್ಲೇಕಟ್ಟೆ ಎಂಬ ಊರು. ಊರಿನಲ್ಲಿ ಹೊಂಬಾಳಮ್ಮ ಎಂಬ ತಾಯಿ. ತಾಯಿಗೆ ಉಗ್ರಯ್ಯ ಎಂಬ ಒಬ್ಬನೇ ಮಗ. ಮಗನಲ್ಲಿ ಹೆಸರನ್ನು ಬಿಟ್ಟರೆ ಉಗ್ರವಾದದ್ದು ಯಾವುದೂ ಇರಲಿಲ್ಲ. ದಾರಿಗೆ ಅಡ್ಡ ಮಲಗಿದ ನಾಯಿಯನ್ನು ಎಬ್ಬಿಸಲಾರದೆ ಅದು ತಾನಾಗಿ ಏಳುವವರೆಗೆ ನಿಂತು ಕಾಯುವಷ್ಟು ಸಾಧು. ವಯಸ್ಸು ಇಪ್ಪತ್ತನಾಲ್ಕು. ಹೇಳಿದ ಮಾತನ್ನು ಮೀರಿದವನಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ: ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಅದೇ ಆ ತಾಯಿಯ ಸಂಕಟ.

“ಒಲೆ ಮೇಲೆ ಹಾಲೈತೆ, ಉಕ್ತದೇನೋ ನೋಡ್ತಿರು ಮಗಾ.”

“ನೋಡ್ತೀನಿ ಕಣವ್ವ.”

ಹಾಲು ಉಕ್ಕಿತು. ಒಲೆ ಆರಿತು. ಬೂದಿ ನೆನೆಯಿತು.

“ಏನ್ಲಾ ಮಾಡ್ತಿದ್ದೆ?”

“ನೋಡ್ತಿದ್ದೆ ಕಣವ್ವ. ಉಕ್ತು.”

ಹೊಂಬಾಳಮ್ಮ ಹಣೆಗೆ ಕೈಹಚ್ಚಿ ಕುಳಿತುಕೊಳ್ಳಲು ಹೋದಳು. ಕುಳಿತುಕೊಳ್ಳಲು ಆಗಲಿಲ್ಲ. ಅಷ್ಟರಲ್ಲಿ ಬೀದಿಯಿಂದ ಕೂಗು ಬಂತು: “ಹೊಂಬಾಳಮ್ಮೋ! ಕೋಲು ತಗೊಂಡು ಬಾ!”

ಕೋಲು ಎಂದರೆ ಸುದ್ದಿಕೋಲು. ಟೆಲಿಫೋನು ಇಲ್ಲದ, ಅಂಚೆಯವನು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಕಾಲ ಅದು. ಊರಿನ ಹುಟ್ಟು, ಸಾವು, ವೀಳ್ಯಶಾಸ್ತ್ರ, ನಾಮಕರಣ ಎಲ್ಲವನ್ನೂ ಸುತ್ತಲ ಹಳ್ಳಿಗಳ ನಂಟರಿಗೆ ಮುಟ್ಟಿಸಲು ಒಂದು ಮನೆ, ಆ ಮನೆಗೆ ಹಿತ್ತಾಳೆ ಕಟ್ಟಿನ ಒಂದು ಬಿದಿರುಕೋಲು. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಒಂದು ಮೊರ ರಾಗಿ ಆ ಮನೆಗೆ ಸಲ್ಲುತ್ತಿತ್ತು. ತಾಯಿ ಮಗ ಉಣ್ಣುತ್ತಿದ್ದದ್ದು ಅದನ್ನೇ. ಕೋಲಿಗೊಂದು ಕಟ್ಟಳೆಯೂ ಇತ್ತು. ಕೋಲು ಹಿಡಿದವರು ಅಂಗಳದಲ್ಲಿ ನಿಂತು ತಾವಾಗಿಯೇ ಸುದ್ದಿ ಹೇಳಬೇಕು. ಮನೆಯವರು “ಏನು ಸುದ್ದಿ?” ಎಂದು ಕೇಳಬಾರದು. ಕೇಳಿದರೆ ಕೆಡುಕನ್ನು ತಾವೇ ಹೆಸರು ಹಿಡಿದು ಕರೆದಂತೆ. ಆ ಸೀಮೆಯಲ್ಲಿ ಹಸುಗೂಸೂ ಆ ಮಾತು ಕೇಳುತ್ತಿರಲಿಲ್ಲ.

ಗಂಡ ಗಿಡ್ಡಯ್ಯ ತೀರಿಕೊಂಡ ಮೇಲೆ ಆರು ವರ್ಷ ಹೊಂಬಾಳಮ್ಮನೇ ಆ ಕೋಲು ಹಿಡಿದು ನಡೆದಳು. ಬಿಸಿಲಿನಲ್ಲಿ ನಡೆದಳು, ಕೆಸರಿನಲ್ಲಿ ನಡೆದಳು. ನಡೆದು ನಡೆದು ಎರಡು ಮಂಡಿಯೂ ಊದಿ ಕುಂಬಳಕಾಯಿಯಾದವು. ಒಂದು ದಿನ ಊರ ಯಜಮಾನ ತೋಪೇಗೌಡನ ಮುಂದೆ ನಿಂತು ಹೇಳಿದಳು:

“ಗೌಡ್ರೇ, ಕೋಲು ನಮ್ಮನೇಲೇ ಇರ್ಲಿ, ನನ್ನ ಕಾಲೂ ಮನೇಲಿರ್ಲಿ. ಒಸಿ ಕೂತ್ಕೋಬೇಕು ಕಣಪ್ಪ ನಾನು. ಇಷ್ಟೇ ಕೇಳೋದು.”

“ಮಗನ್ನ ಕಳಿಸು ಮತ್ತೆ. ಗಂಡಸಲ್ವಾ? ಒಂದು ತಿಂಗಳು ನೋಡೋಣ. ಅವನ ಕೈಲಾಗಲಿಲ್ಲ ಅಂದ್ರೆ ಕೋಲು ಚನ್ನಿಗರಾಯನ ಮನೆಗೆ. ಅವನಿಗೆ ಕಾಲೂ ಗಟ್ಟಿ, ನಾಲಿಗೇನೂ ಗಟ್ಟಿ. ಕಾಯ್ತಾ ಕೂತವ್ನೆ.”

ಹೀಗೆ ಒಂದು ತಿಂಗಳು ಸಿಕ್ಕಿತು.

ಮೊದಲ ಸುದ್ದಿ ಸಾವಿನದು. ಬಿಲ್ಲೇಕಟ್ಟೆಯ ಮುದುಕನೊಬ್ಬ ಬೆಳಗಿನಲ್ಲಿ ಕಣ್ಣು ಮುಚ್ಚಿದ್ದ. ಅವನ ತಂಗಿ ಚಿಕ್ಕತಾಯಮ್ಮ ಪಕ್ಕದ ಊರಿನಲ್ಲಿದ್ದಳು. ಹೊಂಬಾಳಮ್ಮ ಮಗನ ಕೈಗೆ ಕೋಲು ಕೊಟ್ಟು ಗದ್ದ ಹಿಡಿದು ಹೇಳಿದಳು: “ಮಗಾ, ಹೇಳಿದ್ದನ್ನ ಹೇಳಿದ ಹಂಗೆ ಹೇಳು. ಸೇರಿಸ್ಬೇಡ, ಬಿಡ್ಬೇಡ.”

ಉಗ್ರಯ್ಯ ಹೋದ. ಚಿಕ್ಕತಾಯಮ್ಮ ಕುದಿಯುವ ಸಾರಿನ ಮಡಕೆಯನ್ನು ಒಲೆಯಿಂದ ಇಳಿಸುತ್ತಿದ್ದಳು. ಅಂಗಳದಿಂದಲೇ ಕೂಗಿದ:

“ಚಿಕ್ಕತಾಯಮ್ಮೋ! ನಿಮ್ಮಣ್ಣ ಸತ್ತೋದ! ಮಧ್ಯಾಹ್ನಕ್ಕೆ ಎತ್ತುತಾರೆ! ಬರೋದಾದ್ರೆ ಬಿರ್ನೆ ಬಾ!”

ಮಡಕೆ ಬಿತ್ತು. ಮಡಕೆಯ ಮೇಲೆ ಚಿಕ್ಕತಾಯಮ್ಮ ಬಿದ್ದಳು. ಸಾರು ಕಾಲಿನ ಮೇಲೆ ಬಿತ್ತು. ಅಣ್ಣನಿಗಾಗಿ ಅಳಬೇಕೋ ಕಾಲಿಗಾಗಿ ಅಳಬೇಕೋ ತಿಳಿಯದೆ ಅವಳು ಎರಡಕ್ಕೂ ಸೇರಿಸಿ ಅತ್ತಳು. ಮಣ್ಣು ಮುಗಿಸಿ ಹೋಗುವಾಗ ಹೊಂಬಾಳಮ್ಮನ ಬಾಗಿಲಿಗೇ ಬಂದು ನಿಂತಳು.

“ನಿನ್ನ ಮಗನ ಬಾಯಿಗೆ ಒಂದು ಬಿರಡೆ ಹಾಕ್ಸೇ ತಾಯಿ! ಸಾವನ್ನ ಸೊಪ್ಪು ಮಾರಿದಂಗೆ ಕೂಗ್ತಾನಲ್ಲೇ!”

ಹೊಂಬಾಳಮ್ಮ ಆಗತಾನೆ ಕುಳಿತಿದ್ದಳು. ಎದ್ದಳು. ಮಗನನ್ನು ಕರೆದುಕೊಂಡು ಶಾಲೆಯ ಮೇಷ್ಟ್ರು ಶೇಷಾಚಲಯ್ಯನವರ ಬಳಿಗೆ ಹೋದಳು.

“ನನಗೆ ಹೇಳಿ ಹೇಳಿ ಸಾಕಾಯ್ತು ಬುದ್ಧಿ. ನೀವಾದ್ರೂ ಒಂದು ಮಾತು ಹೇಳಿ.”

ಶೇಷಾಚಲಯ್ಯನವರು ಆ ಊರಿನಲ್ಲಿ ಇಂಗ್ಲಿಷ್ ಬಲ್ಲ ಏಕೈಕ ವ್ಯಕ್ತಿ. ಯಾರಾದರೂ ಏನಾದರೂ ಕೇಳಿದರೆ ಅವರ ಮುಖ ಹಬ್ಬದ ಮುಖವಾಗುತ್ತಿತ್ತು. ಕನ್ನಡಕ ಏರಿಸಿದರು.

“ನೋಡಪ್ಪ ಉಗ್ರಯ್ಯ. ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟಿದೆ. ಬೀಟಿಂಗ್ ಅಬೌಟ್ ದ ಬುಷ್. ಅಂದರೆ, ಪೊದೆಯ ಸುತ್ತ ಬಡಿಯುವುದು. ಬೇಟೆಗೆ ಹೋದವರು ಪೊದೆಯೊಳಕ್ಕೆ ನೇರವಾಗಿ ನುಗ್ಗುವುದಿಲ್ಲ. ಒಳಗೆ ಹಂದಿ ಇರಬಹುದು. ಅದಕ್ಕೇ ಸುತ್ತಲೂ ಬಡಿಯುತ್ತಾರೆ. ಹಾಗೆಯೇ, ಹೇಳಬೇಕಾದ್ದನ್ನು ನೇರವಾಗಿ ಹೇಳದೆ ಅದರ ಸುತ್ತಮುತ್ತಲಿನ ಮಾತು ಆಡುವುದು. ತಿಳೀತೇ?”

ಹೊಂಬಾಳಮ್ಮ ಉಸಿರು ಬಿಗಿಹಿಡಿದಳು. ಈಗ ಕೇಳುತ್ತಾನೆ, ದೊಣ್ಣೆ ಎಲ್ಲಿ, ಪೊದೆ ಎಲ್ಲಿ ಅಂತ ಕೇಳೇ ಕೇಳುತ್ತಾನೆ ಎಂದುಕೊಂಡಳು. ಆದರೆ ಉಗ್ರಯ್ಯ ಹೇಳಿದ:

“ತಿಳೀತು ಮೇಷ್ಟ್ರೇ. ಪೊದೆ ಎಲ್ಲೂ ಇಲ್ಲ. ಬಡಿಯೋದೂ ಇಲ್ಲ. ಅದು ಮಾತಿನ ರೀತಿ ಅಷ್ಟೇ ಅಲ್ವರಾ?”

ಮೇಷ್ಟ್ರು ಕುರ್ಚಿಯಿಂದ ಎದ್ದುಬಿಟ್ಟರು. “ಹೊಂಬಾಳಮ್ಮ! ಯಾರಮ್ಮ ಇವನನ್ನು ಪೆದ್ದ ಅಂದವರು? ಎಂಟನೆಯ ತರಗತಿಯಲ್ಲಿ ಅರ್ಧ ಜನ ಪೊದೆ ಹುಡುಕಿಕೊಂಡು ಹೋಗುತ್ತಾರೆ!”

ಹೊಂಬಾಳಮ್ಮನ ಕಣ್ಣಿನಲ್ಲಿ ನೀರು ಬಂತು.

“ಇಂಗ್ಲಿಷಿನವರು ಇದನ್ನು ಬೈಗುಳವಾಗಿ ಬಳಸುವುದೇ ಹೆಚ್ಚು,” ಎಂದರು ಮೇಷ್ಟ್ರು. “‘ಸುತ್ತ ಬಡಿಯಬೇಡ, ವಿಷಯಕ್ಕೆ ಬಾ’ ಅನ್ನುತ್ತಾರೆ. ಆದರೆ ಸುದ್ದಿ ಒಯ್ಯುವವನಿಗೆ ಅದು ಮರ್ಯಾದೆ. ಮೊದಲು ನಾಲ್ಕು ಬೇರೆ ಮಾತಾಡು. ಮಳೆ, ಬೆಳೆ, ದನ, ಕರು. ಆಮೇಲೆ ಮೆಲ್ಲಗೆ ಸುದ್ದಿಗೆ ಬಾ.”

“ನಾಲ್ಕಾ ಮೇಷ್ಟ್ರೇ?”

“ನಾಲ್ಕು.”

“ಮೂರಾದ್ರೆ?”

“ನಾಲ್ಕು ಅಂದೆನಲ್ಲಪ್ಪ!”

ಉಗ್ರಯ್ಯ ನಾಲ್ಕು ಬೆರಳು ಮಡಿಸಿಕೊಂಡು ಮನೆಗೆ ಬಂದ.

ಮೂರನೆಯ ದಿನ ತೋಪೇಗೌಡನ ಮಗಳು ರತ್ನಿಗೆ ನೋವು ಕಾಣಿಸಿಕೊಂಡಿತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದವಳು. ಸೂಲಗಿತ್ತಿ ಕಾಳವ್ವ ಇದ್ದದ್ದು ಹೊಲದಾಚೆಯ ಊರಿನಲ್ಲಿ. “ಓಡ್ಲಾ ಉಗ್ರ!” ಎಂದ ತೋಪೇಗೌಡ. ಉಗ್ರಯ್ಯ ಓಡಿದ. ಕೋಲು ಹಿಡಿದು ಓಡಿದ. ಕಾಳವ್ವನ ಅಂಗಳ ಮುಟ್ಟಿ, ಏದುಸಿರು ಬಿಡುತ್ತ ಕೇಳಿದ:

“ಕಾಳವ್ವಾ, ಮಳೆ ಹೆಂಗೈತೆ?”

ಕಾಳವ್ವ ಕೋಲು ನೋಡಿದಳು. ಕೋಲಿನವನನ್ನು ಏನು ಸುದ್ದಿ ಎಂದು ಕೇಳುವಂತಿಲ್ಲ. ಮಳೆ ಕೇಳುತ್ತಿದ್ದಾನೆ ಎಂದರೆ ಅವಸರದ್ದೇನೂ ಇರಲಾರದು ಎಂದುಕೊಂಡು ಮೊರ ಕೆಳಗಿಟ್ಟು ಆರಾಮಾಗಿ ಗೋಡೆಗೆ ಒರಗಿದಳು.

“ಮಳೆ ಕತೆ ಏನು ಹೇಳ್ಲಿ ಮಗಾ! ಆರಿದ್ರೆ ಮಳೆ ಹನೀಲಿಲ್ಲ, ಪುಷ್ಯ ಮಳೆ ನಿಲ್ಲಲಿಲ್ಲ...”

“ಬೆಳೆ ಹೆಂಗೈತೆ?”

“ಬೆಳೆ ಅಂದ್ಯಾ? ಹುರುಳಿಗೆ ಹುಳ ಬಿತ್ತು. ಎಳ್ಳು ಮಾತ್ರ...”

“ದನ ಹೆಂಗವೆ?”

“ಅಯ್ಯೋ, ಕೆಂಪಿ ಹಾಲು ಕೊಡ್ತಾ ಕೊಡ್ತಾ ಒದೀತಾಳೆ ಕಣ್ಲಾ! ನನ್ನ ಸೊಸೆ ಗುಣವೇ ಬಂದದೆ ಅದಕ್ಕೆ!” ಎಂದು ಕಾಳವ್ವ ಹಸುವಿನಿಂದ ಸೊಸೆಗೆ, ಸೊಸೆಯಿಂದ ಸೊಸೆಯ ತಾಯಿಗೆ ಹೋದಳು. ಹಿಂದಿರುಗಲು ಬಹಳ ಹೊತ್ತು ಹಿಡಿಯಿತು. ಉಗ್ರಯ್ಯ ತಾಳ್ಮೆಯಿಂದ ಕಾದ. ಕೊನೆಗೆ ನಾಲ್ಕನೆಯ ಬೆರಳು ಮಡಿಸಿದ.

“ಕರ ಹೆಂಗೈತೆ?”

“ಕರ ಚೆಂದಾಗೈತೆ.”

“ಗೌಡ್ರ ರತ್ನಮ್ಮಂಗೆ ನೋವು ಬಂದದೆ. ಬಿರ್ನೆ ಬರ್ಬೇಕಂತೆ.”

ಕಾಳವ್ವ ಚೀರಿದ ಚೀರಿಗೆ ಮೊರದ ಹುರುಳಿಯೆಲ್ಲ ಚೆಲ್ಲಿತು. ಇಬ್ಬರೂ ಬಿದ್ದು ಎದ್ದು ಬಿಲ್ಲೇಕಟ್ಟೆಗೆ ಬರುವಷ್ಟರಲ್ಲಿ ಕೂಸು ಸೂಲಗಿತ್ತಿಗಾಗಿ ಕಾಯದೆ ಹುಟ್ಟಿ, ಅಜ್ಜಿಯ ಮಡಿಲಲ್ಲಿ ಬೆರಳು ಚೀಪುತ್ತಿತ್ತು. ತಾಯಿ ಕೂಸು ಇಬ್ಬರೂ ಕ್ಷೇಮವಾಗಿದ್ದರು. ಆದ್ದರಿಂದ ತೋಪೇಗೌಡ ಬೈಗುಳದಲ್ಲಿಯೇ ನಿಲ್ಲಿಸಿದ.

“ಮನೆಗೆ ಬೆಂಕಿ ಬಿದ್ರೂ ಮಳೆ ಕೇಳ್ತೀಯೇನ್ಲಾ ದಡ್ಡ ಮುಂಡೇದೆ!”

ಮೇಷ್ಟ್ರು ಕೇಳಿ ನೊಂದುಕೊಂಡರು. “ತಪ್ಪು ನನ್ನದು ಹೊಂಬಾಳಮ್ಮ. ಅರ್ಥ ಹೇಳಿಕೊಟ್ಟೆ, ಬಳಕೆ ಹೇಳಿಕೊಡಲಿಲ್ಲ. ನುಡಿಗಟ್ಟಿನ ಅರ್ಥ ಪುಸ್ತಕದಲ್ಲಿರುತ್ತದೆ. ಬಳಕೆ ಎದುರಿಗಿರುವವರ ಮುಖದಲ್ಲಿರುತ್ತದೆ.”

“ಮುಖದಲ್ಲಿ ಎಲ್ಲಿ ಮೇಷ್ಟ್ರೇ?” ಎಂದ ಉಗ್ರಯ್ಯ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಹೊಂಬಾಳಮ್ಮನಿಗೆ ಪುಸ್ತಕದ ಮಾತು ಸಾಕಾಗಿತ್ತು. ಮಗನನ್ನು ಮನೆಗೆ ಕರೆತಂದು ತಾನೇ ಹೇಳಿದಳು: “ಕೇಳ್ಲಾ ಮಗಾ. ಮಳೇನೂ ಬೇಡ, ಕರಾನೂ ಬೇಡ. ಹೋದವನೇ ಮಾತಾಡ್ತಾ ನಿಲ್ಬೇಡ. ಯಾರನ್ನ ಕರೀಬೇಕೋ ಅವರ ರಟ್ಟೆ ಹಿಡ್ಕೊ. ಎಳ್ಕೊಂಡು ಬಾ. ಆಯ್ತಾ?”

“ಆಯ್ತು ಕಣವ್ವ. ಸುಲಭ ಐತೆ.”

ಮುಂದಿನ ಸುದ್ದಿ ಮಂಗಳದ್ದು. ಬಿಲ್ಲೇಕಟ್ಟೆಯ ಪುಟ್ಟಲಕ್ಕಮ್ಮನ ಮಗಳಿಗೆ ಗಂಡು ಗೊತ್ತಾಗಿತ್ತು. ಎರಡು ದಿನ ಕಳೆದರೆ ವೀಳ್ಯಶಾಸ್ತ್ರ. ಸೋದರಮಾವ ಮರಿಗೂಳಯ್ಯನಿಗೆ ಹೇಳಿಬರಬೇಕು. ಉಗ್ರಯ್ಯ ಹೋದಾಗ ಮರಿಗೂಳಯ್ಯ ಹುಣಸೆಮರದಡಿ ಕುಳಿತು ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಎಡಗೆನ್ನೆ ನುಣ್ಣಗಾಗಿತ್ತು. ಬಲಗೆನ್ನೆಯ ಮೇಲೆ ಸೋಪಿನ ನೊರೆ ಇತ್ತು. ಉಗ್ರಯ್ಯ ಬಂದ, ರಟ್ಟೆ ಹಿಡಿದ, ಎಳೆದ.

“ಲೇ ಲೇ! ಕತ್ತಿ ತಾಗ್ತದೆ ಕಣ್ಲಾ!”

ಉಗ್ರಯ್ಯ ಮಾತಾಡಲಿಲ್ಲ. ಎಳೆದ. ಮರಿಗೂಳಯ್ಯ ಕೋಲು ನೋಡಿದ, ಮೌನ ನೋಡಿದ, ಓಟ ನೋಡಿದ. ಕೇಳುವಂತಿಲ್ಲ. ಎದೆ ಒಡೆಯಿತು. “ಅಯ್ಯೋ ನನ್ನಕ್ಕಾ! ಹೋಗ್ಬಿಟ್ಯಾ ನನ್ನಕ್ಕಾ!” ಎಂದು ಅರ್ಧ ಗಡ್ಡದಲ್ಲಿ ಅಳುತ್ತ, ನೊರೆ ಒರೆಸಿಕೊಳ್ಳುತ್ತ, ಮೂರು ಮೈಲಿ ಓಡಿದ. ಅಳುತ್ತಲೇ ಪುಟ್ಟಲಕ್ಕಮ್ಮನ ಮನೆಗೆ ನುಗ್ಗಿದ. ಅಲ್ಲಿ ಗಂಡಿನ ಕಡೆಯ ನಾಲ್ವರು ಹೆಣ್ಣಿಗೆ ಸೀರೆ ತೋರಿಸುತ್ತಿದ್ದರು. ಪುಟ್ಟಲಕ್ಕಮ್ಮ ಹಪ್ಪಳದ ಹಿಟ್ಟಿನ ಕೈಯಲ್ಲಿ ಹೊರಗೆ ಬಂದಳು.

“ಯಾಕೋ ತಮ್ಮಾ? ಯಾರೋ ಸತ್ತೋರು?”

“ನೀನು ಕಣಕ್ಕಾ!”

ಗಂಡಿನ ಕಡೆಯವರು ಸೀರೆ ಮಡಿಸಿಕೊಂಡು ಎದ್ದರು. ಒಳ್ಳೆಯ ಮಾತಿನ ನಡುವೆ ಅಳು ಬಂದ ಮನೆಯಿಂದ ಹೆಣ್ಣು ತರುವುದು ಹೇಗೆ ಎಂದರು. ಅವರನ್ನು ಮತ್ತೆ ಕೂರಿಸಲು ಊರಿನ ಅರ್ಧ ಜನ ಕೈಮುಗಿಯಬೇಕಾಯಿತು. ಸಂಬಂಧ ಉಳಿಯಿತು. ಉಗ್ರಯ್ಯನ ಹೆಸರು ಉಳಿಯಲಿಲ್ಲ.

ಮರುದಿನ ತೋಪೇಗೌಡನೂ ಊರಿನ ಇಬ್ಬರು ಹಿರಿಯರೂ ಹೊಂಬಾಳಮ್ಮನ ಜಗಲಿಗೆ ಬಂದರು. ಅವಳು ಮಂಡಿಗೆ ಎಕ್ಕದೆಲೆ ಕಟ್ಟಿಕೊಂಡು ಕುಳಿತಿದ್ದಳು. ಎದ್ದಳು.

“ಕೂತ್ಕೊ ಕೂತ್ಕೊ ಹೊಂಬಾಳಮ್ಮ,” ಎಂದ ತೋಪೇಗೌಡ. ಕೆಮ್ಮಿದ. “ಈ ಸಲ ಮಳೆ ಅಷ್ಟಕ್ಕಷ್ಟೇ.”

“ಹೌದು ಗೌಡ್ರೇ.”

“ಬೆಳೆ ಏನಾಗ್ತದೋ,” ಎಂದ ಒಬ್ಬ ಹಿರಿಯ.

“ಹೌದಪ್ಪ.”

“ದನಗಳಿಗೆ ಮೇವೇ ಇಲ್ಲ,” ಎಂದ ಇನ್ನೊಬ್ಬ.

“ಇಲ್ಲ ಕಣಪ್ಪ.”

ತೋಪೇಗೌಡ ಮೇಲೆ ನೋಡಿದ, ಕೆಳಗೆ ನೋಡಿದ. “ನಿಮ್ಮ ಕರ ಚೆನ್ನಾಗಿ ಬೆಳೆದದೆ.”

ಮೂಲೆಯಲ್ಲಿ ಕುಳಿತು ಬೆರಳು ಮಡಿಸುತ್ತಿದ್ದ ಉಗ್ರಯ್ಯ ತಲೆ ಎತ್ತಿದ.

“ನಾಲ್ಕಾಯ್ತು ಗೌಡ್ರೇ. ಯಾರು ಸತ್ರು ಹೇಳಿ.”

ಮೂವರು ಹಿರಿಯರೂ ನೆಲ ನೋಡಿದರು. ಹೊಂಬಾಳಮ್ಮನಿಗೆ ಎಲ್ಲವೂ ತಿಳಿಯಿತು.

“ಕೋಲು ಕೇಳೋಕೆ ಬಂದ್ರಾ?” ಎಂದಳು.

“ನಿನ್ನ ಮುಖ ನೋಡ್ಕೊಂಡು ಹೆಂಗೆ ಹೇಳೋದವ್ವ?” ಎಂದ ತೋಪೇಗೌಡ.

“ತಿಂಗಳು ಮುಗಿದಿಲ್ವಲ್ಲ ಗೌಡ್ರೇ. ಇನ್ನೊಂದು ಸುದ್ದಿ ಕೊಡಿ. ಒಂದೇ ಒಂದು.”

ತೋಪೇಗೌಡನ ಮನಸ್ಸು ಕರಗಿತು. ಕೊಟ್ಟ. ತನ್ನ ಮನೆಯ ಸುದ್ದಿಯನ್ನೇ ಕೊಟ್ಟ. ಮೊಮ್ಮಗುವಿಗೆ ಶುಕ್ರವಾರ ನಾಮಕರಣ. ಹೊಸಕೆರೆಯ ಬೀಗರು ಬರದೆ ಹೆಸರಿಡುವಂತಿಲ್ಲ. ಅಂದು ಬುಧವಾರ. ಹೋಗಿ ಹೇಳಿ 'ಹೂಂ' ಅನ್ನಿಸಿಕೊಂಡು ಬಂದರೆ ಕೋಲು ಆ ಮನೆಯಲ್ಲೇ ಉಳಿಯುತ್ತದೆ. ಇಲ್ಲವಾದರೆ ಚನ್ನಿಗರಾಯ.

ಹೊಂಬಾಳಮ್ಮ ಬಹಳ ಹೊತ್ತು ಯೋಚಿಸಿದಳು. ನೇರವಾಗಿ ಹೇಳು ಎಂದರೆ ಮಡಕೆ ಒಡೆಯಿತು. ಸುತ್ತಿ ಹೇಳು ಎಂದರೆ ಕೂಸು ಹುಟ್ಟಿತು. ಹೇಳಲೇಬೇಡ ಎಂದರೆ ಬದುಕಿದ್ದವಳು ಸತ್ತಳು. ಇನ್ನು ಉಳಿದದ್ದೇನು? ಸುಸ್ತಾಗಿತ್ತು. ಆ ಸುಸ್ತಿನಲ್ಲಿ, ಕೋಲಿನ ಕಟ್ಟಳೆಯನ್ನು ತಾನೇ ಮರೆತು ಹೇಳಿಬಿಟ್ಟಳು:

“ಮಗಾ, ನೀನಾಗಿ ಬಾಯಿ ತೆಗೀಬೇಡ. ಅವರು ಕೇಳಿದ್ದಕ್ಕೆ ಉತ್ತರ ಕೊಡು. ಕೇಳಿದ್ದಕ್ಕಷ್ಟೇ. ನಿಜ ಹೇಳು.”

“ಆಯ್ತು ಕಣವ್ವ.”

ಹೊಸಕೆರೆಯ ಬೀಗ ಮುದ್ದೇಗೌಡನೂ ಅವನ ಹೆಂಡತಿ ದುಂಡಮ್ಮನೂ ಜಗಲಿಯಲ್ಲಿದ್ದರು. ಉಗ್ರಯ್ಯ ಅಂಗಳದಲ್ಲಿ ನಿಂತ. ಅವರು ಕೋಲು ನೋಡಿದರು. ಅವನು ಅವರನ್ನು ನೋಡಿದ. ಅವರು ಹೇಳಲಿ ಎಂದು ಕಾದರು. ಅವನು ಕೇಳಲಿ ಎಂದು ಕಾದ. ಅಂಗಳದ ಮರದ ನೆರಳು ಪಶ್ಚಿಮದಿಂದ ಪೂರ್ವಕ್ಕೆ ಬಂತು.

ಕೊನೆಗೆ ಮುದ್ದೇಗೌಡ, ಕೇಳಬಾರದ್ದನ್ನು ಬಿಟ್ಟು ಉಳಿದದ್ದನ್ನು ಕೇಳಲು ಆರಂಭಿಸಿದ. ಪಾಪ, ಪೊದೆಯ ಸುತ್ತ ಬಡಿಯುವ ಸರದಿ ಈಗ ಅವನದು.

“ಊಟ ಆಯ್ತೇನಪ್ಪ?”

“ಇಲ್ಲ.”

ಊಟ ಹಾಕಿದರು. ಉಂಡ. ಸುಮ್ಮನಾದ.

“ಗೌಡ್ರ ಮನೆ ಮುಂದೆ ಜನ ಇದ್ರೇನಪ್ಪ?”

“ಇದ್ರು.” ಇದ್ದರು, ನಾಮಕರಣದ ಕೆಲಸಕ್ಕೆ ಬಂದಿದ್ದರು.

“ಏನ್ಮಾಡ್ತಿದ್ರು?”

“ಚಪ್ಪರ ಹಾಕ್ತಿದ್ರು.”

ದುಂಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಚಪ್ಪರ ಎರಡಕ್ಕೂ ಹಾಕುತ್ತಾರೆ.

“ನಮ್ಮ ಸೊಸೆ?”

“ಮಲಗವ್ರೆ.”

“ಕೂಸು?”

“ಅದೂ ಮಲಗೈತೆ.”

“ಅಳ್ತಿತ್ತೇನಪ್ಪ?”

“ಇಲ್ಲ. ಒಂಚೂರೂ ಅಳ್ಲಿಲ್ಲ.”

ದುಂಡಮ್ಮ ಎದೆ ಬಡಿದುಕೊಂಡು ಅಳತೊಡಗಿದಳು. ಅಕ್ಕಪಕ್ಕದವರು ಸೇರಿದರು. ಕೇಳುವಂತಿಲ್ಲ. ಹೊರಡೋಣವೆಂದರೆ ಕೋಲು ಬಾಯಿಬಿಡದೆ ಹೊರಡುವಂತಿಲ್ಲ. ಗುರುವಾರ ಅಡುಗೆ ಮಾಡಲಿಲ್ಲ. ಶುಕ್ರವಾರ ಬಾಗಿಲಿಗೆ ನೀರು ಹಾಕಲಿಲ್ಲ. ಉಗ್ರಯ್ಯನಿಗೆ ಮಾತ್ರ ನೆರೆಮನೆಯವರು ಹೊತ್ತು ಹೊತ್ತಿಗೆ ಮುದ್ದೆ ತಂದಿಟ್ಟರು. ಅಳುವವರ ನಡುವೆ ಕುಳಿತು ಅವನು ಉಂಡ. ಇಷ್ಟು ಒಳ್ಳೆಯ ಜನ ಯಾಕೆ ಅಳುತ್ತಿದ್ದಾರೆ ಎಂದು ಅವನಿಗೂ ದುಃಖವಾಯಿತು. ಆದರೆ ತಾನಾಗಿ ಬಾಯಿ ತೆಗೆಯುವಂತಿರಲಿಲ್ಲ.

ಬಿಲ್ಲೇಕಟ್ಟೆಯಲ್ಲಿ ಶುಕ್ರವಾರ ಬಂತು, ಬೀಗರು ಬರಲಿಲ್ಲ. ತೊಟ್ಟಿಲು ಕಟ್ಟಿದವರು ತೊಟ್ಟಿಲು ಬಿಚ್ಚಿದರು. ಶನಿವಾರ ಬೆಳಗ್ಗೆ ಹೊಂಬಾಳಮ್ಮ, ಇನ್ನೆಂದೂ ನಡೆಯುವುದಿಲ್ಲ ಎಂದುಕೊಂಡಿದ್ದ ಹಾದಿಯಲ್ಲಿ, ಎರಡು ಮಂಡಿಯನ್ನೂ ಎರಡು ಕೈಯಲ್ಲಿ ಒತ್ತಿಕೊಳ್ಳುತ್ತ, ನಾಲ್ಕು ಕಡೆ ಕುಳಿತು, ನಾಲ್ಕು ಕಡೆ ಎದ್ದು, ಮಧ್ಯಾಹ್ನಕ್ಕೆ ಹೊಸಕೆರೆ ಮುಟ್ಟಿದಳು. ಅದೇ ಊರಿನಿಂದ ಇನ್ನೊಬ್ಬರು ಬಂದದ್ದು ಕಂಡು ದುಂಡಮ್ಮನ ಮನೆಯವರು ಮತ್ತೊಂದು ಸಾವಾಯಿತೆಂದು ದನಿ ಎತ್ತಿದರು.

“ಹೇಳ್ಲಿಲ್ವೇನ್ಲಾ?” ಎಂದಳು ಮಗನಿಗೆ.

“ಯಾರೂ ಕೇಳ್ಲಿಲ್ಲ ಕಣವ್ವ.”

ಹೊಂಬಾಳಮ್ಮ ಕಂಬ ಹಿಡಿದುಕೊಂಡು ಒಂದೇ ಉಸಿರಿನಲ್ಲಿ ಹೇಳಿದಳು: “ಯಾರೂ ಸತ್ತಿಲ್ಲ. ಕೂಸು ಗುಂಡುಕಲ್ಲಿನಂಗೈತೆ. ನಿನ್ನೆ ನಾಮಕರಣ ಇತ್ತು. ಕರೆಯೋಕೆ ಬಂದಿದ್ದ ಇವನು.”

ದುಂಡಮ್ಮ ಅಳುವುದನ್ನು ನಿಲ್ಲಿಸಿ, ಒಂದು ಗಳಿಗೆ ಬಾಯಿ ತೆರೆದುಕೊಂಡೇ ನಿಂತು, ಆಮೇಲೆ ಮೊದಲಿಗಿಂತ ಜೋರಾಗಿ ಅತ್ತಳು.

ಹೊಸಕೆರೆಯವರ ಗಾಡಿಯಲ್ಲಿ ತಾಯಿ ಮಗ ಊರಿಗೆ ಬಂದರು. ದಾರಿಯುದ್ದಕ್ಕೂ ಹೊಂಬಾಳಮ್ಮ ಮಂಡಿ ನೀವಿಕೊಳ್ಳುತ್ತ ಕುಳಿತಿದ್ದಳು.

“ಬಯ್ಯಲ್ವೇನವ್ವ?”

“ಇಲ್ಲ.”

“ಬುದ್ಧಿ ಹೇಳಲ್ವಾ?”

“ಇಲ್ಲ ಮಗಾ.”

“ಮತ್ತೆ ಮುಂದಿನ ಸಲ ಹೆಂಗ್ ಮಾಡ್ಲಿ?”

“ಮುಂದಿನ ಸಲ ಇಲ್ಲ ಕಣಪ್ಪ.”

ನಾಮಕರಣ ಸೋಮವಾರಕ್ಕೆ ಹೋಯಿತು. ಹೊಸಕೆರೆಯ ಬೀಗರು ಕರೆಯನ್ನು ಹೊಸದಾಗಿ, ಸರಿಯಾಗಿ ಕಳಿಸಬೇಕು ಎಂದು ಪಟ್ಟು ಹಿಡಿದರು. ಭಾನುವಾರ ಬೆಳಗ್ಗೆ ಅರಳಿಕಟ್ಟೆಯ ನಾಗರಕಲ್ಲಿನ ಮುಂದೆ ಕೋಲು ಕೈಬದಲಾಗಬೇಕು ಎಂದು ಹಿರಿಯರು ಹೇಳಿ ಕಳಿಸಿದರು. ಅದಕ್ಕೂ ಒಂದು ಕಟ್ಟಳೆ: ಯಜಮಾನ ಕೋಲನ್ನು ನೀಡುತ್ತಾನೆ, ಹಿಡಿದವರ ಕೈಯಿಂದ ಮೂರು ಉಗಾದಿ ಕಳೆಯುವವರೆಗೆ ಅದನ್ನು ಬಿಡಿಸುವಂತಿಲ್ಲ. ಬಿಟ್ಟುಕೊಟ್ಟವರಿಗೆ ಊರಿನಿಂದ ಒಂದು ಪಂಚೆಯೋ ಸೀರೆಯೋ ಕೊಡುತ್ತಾರೆ.

ಹೊಂಬಾಳಮ್ಮನಿಗೆ ಏಳಲು ಆಗಲಿಲ್ಲ. ಬಾಗಿಲಲ್ಲಿ ಕಾಲು ಚಾಚಿ ಕುಳಿತಿದ್ದಳು. ಆರು ವರ್ಷದ ಮೇಲೆ ಹಾಗೆ ಕುಳಿತಿದ್ದಳು. ರಾಗಿ ಹೋಯಿತು ಎಂದು ಒಂದು ಕಡೆ ಎದೆ ಉರಿಯುತ್ತಿತ್ತು. ಹಾದಿ ಹೋಯಿತು ಎಂದು ಇನ್ನೊಂದು ಕಡೆ ಮಂಡಿ ತಣ್ಣಗಾಗುತ್ತಿತ್ತು. ಮಗನನ್ನು ಕರೆದಳು.

“ನೀನೇ ಹೋಗಿ ಬಾ. ಹಾದಿ ನಡೆಯೋಕೆ ಏನೇನು ಬೇಕೋ ಎಲ್ಲಾ ಒಯ್ದು ಚನ್ನಿಗರಾಯನ ಪಾಲಿಗೆ ಒಪ್ಪಿಸ್ಬಿಡು. ಗೌಡ್ರು ಏನು ಕೊಟ್ರೂ ಬೇಡ ಅನ್ಬೇಡ, ತಗೊಂಡು ಬಾ.”

“ಆಯ್ತು ಕಣವ್ವ.”

ಹೋದ. ಬಹಳ ಹೊತ್ತಾಗಲಿಲ್ಲ. ಬಂದ. ಕೈಯಲ್ಲಿ ಕೋಲು ಇತ್ತು. ಹಿಂದೆ ಓಡುತ್ತ ತೋಪೇಗೌಡ ಬಂದ. ಅವನ ಹಿಂದೆ ತಲೆ ಚಚ್ಚಿಕೊಳ್ಳುತ್ತ ಚನ್ನಿಗರಾಯ ಬಂದ.

“ಇದೇನ್ಲಾ ಮತ್ತೆ?” ಎಂದಳು ಹೊಂಬಾಳಮ್ಮ.

“ಕೋಲು ಕಣವ್ವ.”

“ಒಪ್ಪಿಸ್ಲಿಲ್ವಾ?”

“ಒಪ್ಪಿಸ್ದೆ. ಗೌಡ್ರು ತಗೊಂಡ್ರು. ಆಮೇಲೆ ಮುಂದಕ್ಕೆ ಚಾಚಿ ಕೊಟ್ರು. ಬೇಡ ಅನ್ಬೇಡ ಅಂದಿದ್ದಲ್ಲ, ತಗೊಂಡೆ.”

“ನನಗೆ ಕಣವ್ವ ಕೊಟ್ಟಿದ್ದು!” ಎಂದು ಚನ್ನಿಗರಾಯ ಬಾಯಿ ಬಡಿದುಕೊಂಡ. “ನಾನು ಕಲ್ಲಿಗೆ ಅಡ್ಡಬಿದ್ದು ಏಳೋದ್ರೊಳಗೆ ಇವನು ಹಿಡ್ಕೊಂಬಿಟ್ಟ!”

ತೋಪೇಗೌಡ ಜಗಲಿಯ ಮೇಲೆ ಕುಸಿದು ಕುಳಿತ. ಅವನಿಗೂ ಈ ಒಂದು ತಿಂಗಳಲ್ಲಿ ಹತ್ತು ವರ್ಷ ಕಳೆದಂತಾಗಿತ್ತು. “ಕಟ್ಟಳೆ ಕಟ್ಟಳೇನೇ. ಇನ್ನು ಮೂರು ಉಗಾದಿ ಕೋಲೂ ರಾಗೀನೂ ನಿಮ್ಮದೇ ಹೊಂಬಾಳಮ್ಮ. ಆದ್ರೆ ನಾಳೇನೇ ನಾಮಕರಣ. ಹೊಸಕೆರೆಗೆ ಈಗ್ಲೇ ಯಾರಾದ್ರೂ ಹೋಗ್ಬೇಕು. ಇವನನ್ನ ಕಳಿಸಿದ್ರೆ ನನ್ನ ಮೊಮ್ಮಗು ಹೆಸರಿಲ್ದೆ ಮದುವೆ ಆಗ್ತದೆ. ದಮ್ಮಯ್ಯ, ನೀನೇ ಎದ್ದೇಳವ್ವ.”

ಹೊಂಬಾಳಮ್ಮ ಕೋಲು ನೋಡಿದಳು. ಮಗನನ್ನು ನೋಡಿದಳು. ಚಾಚಿದ ಕಾಲು ಮಡಿಸಿಕೊಂಡಳು. ಗೋಡೆ ಹಿಡಿದು, ಮಂಡಿ ಹಿಡಿದು, ಉಸಿರು ಹಿಡಿದು ಎದ್ದಳು.

“ಮಗಾ, ನನ್ನ ಚಪ್ಪಲಿ ತಾ.”

“ಇಲ್ಲ ಕಣವ್ವ.”

“ಇಲ್ಲ ಅಂದ್ರೆ?”

“ಹಾದಿ ನಡೆಯೋಕೆ ಬೇಕಾದ್ದೆಲ್ಲಾ ಚನ್ನಿಗರಾಯನ ಪಾಲಿಗೆ ಒಪ್ಪಿಸ್ಬಿಡು ಅಂದಿದ್ದಲ್ಲ. ನಿನ್ನ ಚಪ್ಪಲಿ ಒಪ್ಪಿಸ್ದೆ. ಅವನ ಕಾಲಿಗೆ ಹಿಡಿಸ್ಲಿಲ್ಲ ಅಂತ ಅವನ ಹೆಂಡ್ರು ಮೆಟ್ಕೊಂಡು ಸಂತೆಗೆ ಹೋದ್ರು.”

ಹೊಂಬಾಳಮ್ಮ ತನ್ನ ಬರಿಗಾಲು ನೋಡಿದಳು. ಬಿಸಿಲಿಗೆ ಕಾದ ಹೊಸಕೆರೆಯ ಹಾದಿ ನೋಡಿದಳು. ತೋಪೇಗೌಡನ ಕಾಲಿನಲ್ಲಿದ್ದ ಹೊಸ ಜೋಡು ನೋಡಿದಳು. ತೋಪೇಗೌಡನೂ ಅದನ್ನೇ ನೋಡಿದ. ಚನ್ನಿಗರಾಯನೂ ಅದನ್ನೇ ನೋಡಿದ.

ಊರ ಯಜಮಾನ ಎದ್ದು, ಪಂಚೆ ಎತ್ತಿ ಕಟ್ಟಿ, ಹೊಸಕೆರೆಯ ಕಡೆ ನಡೆದ. ಹೊಂಬಾಳಮ್ಮ ಕುಳಿತುಕೊಂಡಳು.